ಎ320 ತುರ್ತು ನಿರ್ಗಮನ ವ್ಯವಸ್ಥೆ: ಸ್ನ್ಯಾಗ್ (ದೋಷ) ಹಿಡಿಯುವುದು, ಬರೆಯುವುದು

ವಿಮಾನದ ಬಹುಪಾಲು ವ್ಯವಸ್ಥೆಗಳನ್ನು ಓಡಿಸಿ ನೋಡಿ ಪರೀಕ್ಷಿಸಬಹುದು. ಫ್ಲ್ಯಾಪ್ ಇಳಿಸಿ ನೋಡಬಹುದು, ಪಂಪ್ ಹಾಕಿ ನೋಡಬಹುದು, ರೇಡಿಯೊದಲ್ಲಿ ಮಾತಾಡಿ ನೋಡಬಹುದು. ತುರ್ತಿನಲ್ಲಿ ಉಬ್ಬಿ ಜನರನ್ನು ಜಾರಿಸಿ ಇಳಿಸುವ ಬಾಗಿಲಿನ ಸ್ಲೈಡ್‌ಗೆ ಆ ಸೌಕರ್ಯ ಇಲ್ಲ. ಒಂದು ಸಲ ಉಬ್ಬಿದರೆ ಮುಗಿಯಿತು, ಬಿಚ್ಚಿ ಶಾಪ್‌ಗೆ (ದುರಸ್ತಿ ಕಾರ್ಯಾಗಾರಕ್ಕೆ) ಕಳಿಸಬೇಕು. ಹಾಗಾಗಿ ಲೈನ್‌ನಲ್ಲಿ, ಅಂದರೆ ಹಾರಾಟಗಳ ನಡುವೆ ನಿಂತ ವಿಮಾನದ ಬಳಿ, ಕೆಲಸ ಮಾಡುವವರಿಗೆ ಸಿಗುವುದು ಬರೀ ಸುಳಿವುಗಳು. ಮಾಪಕದ ಮುಳ್ಳು, ಒಂದು ಬಿಳಿ ಲೈಟ್, ಕಾಕ್‌ಪಿಟ್‌ನಲ್ಲಿ ವ್ಯವಸ್ಥೆಗಳ ಸ್ಥಿತಿ ತೋರಿಸುವ ಈಕ್ಯಾಮ್ ಪರದೆಯ ಮೇಲೆ ಒಂದು ಪದ, ಲಿವರ್ ಕೈಗೆ ಕೊಡುವ ಬಿಗಿ. ಇವುಗಳಲ್ಲಿ ಯಾವುದನ್ನೂ ಒಂಟಿಯಾಗಿ ನಂಬಬೇಡಿ. ಎರಡು ಸುಳಿವು ಬೇರೆ ಬೇರೆ ಕಥೆ ಹೇಳುತ್ತಿದ್ದರೆ ದೋಷ ಅವೆರಡರ ನಡುವೆ ಎಲ್ಲೋ ಇರುತ್ತದೆ.

ಇದು ಲೈನ್ ಮೇಂಟೆನೆನ್ಸ್‌ಗೆ ಹೊಸದಾಗಿ ಬಂದವರಿಗೆ ಬರೆದದ್ದು. ಏರ್‌ಬಸ್ ಎ320 ಅನ್ನು ಇಟ್ಟುಕೊಂಡು ಹೇಳುತ್ತೇನೆ. ಬೆಂಗಳೂರಿನಲ್ಲಿ ವಿಮಾನ ನಿಲ್ಲುವ ಬೇಗಳಲ್ಲಿ ನಮ್ಮ ಹುಡುಗರ ಕೈಗೆ ಜಾಸ್ತಿ ಸಿಗುವುದು ಅದೇ. ಅಂಕಿ, ಟಾರ್ಕ್, ಮಿತಿ ಏನಿದ್ದರೂ ನಿಮ್ಮ ವಿಮಾನದ ಎಎಂಎಂ (ನಿರ್ವಹಣೆಯ ಮ್ಯಾನ್ಯುವಲ್) ಮತ್ತು ಟಿಎಸ್‌ಎಂ (ದೋಷ ಹುಡುಕುವ ಮ್ಯಾನ್ಯುವಲ್) ಹೇಳಿದ್ದೇ ಕೊನೆ ಮಾತು. ಯಾವ ಗಂಟನ್ನು ಮೊದಲು ಬಿಚ್ಚಬೇಕು ಅನ್ನುವುದಷ್ಟೇ ಇಲ್ಲಿ ಸಿಗುತ್ತದೆ.

ಒಳಗೆ ಏನಾಗುತ್ತದೆ

ಬಾಗಿಲಿನ ಕೆಳಭಾಗದಲ್ಲಿ ಮುಚ್ಚಳದ ಹಿಂದೆ ಸ್ಲೈಡ್ ಮಡಚಿ ಕೂತಿರುತ್ತದೆ. ಅದರ ಒಂದು ತುದಿಯ ಬಟ್ಟೆಗೆ ಗರ್ಟ್ ಅನ್ನುತ್ತಾರೆ. ಗರ್ಟ್‌ನಲ್ಲಿ ತೂರಿಸಿದ ಲೋಹದ ಸರಳು ಗರ್ಟ್ ಬಾರ್. ಕ್ಯಾಬಿನ್ ಸಿಬ್ಬಂದಿ ಲಿವರನ್ನು ಆರ್ಮ್ (ಬಾಗಿಲು ತೆರೆದರೆ ಸ್ಲೈಡ್ ಉಬ್ಬುವ) ಸ್ಥಾನಕ್ಕೆ ತಂದಾಗ ಈ ಸರಳು ನೆಲದ ಫಿಟ್ಟಿಂಗ್‌ಗಳಿಗೆ ಕಚ್ಚಿಕೊಳ್ಳುತ್ತದೆ. ಈಗ ಬಾಗಿಲು ತೆರೆದರೆ ಸರಳು ನೆಲದಲ್ಲೇ ಉಳಿಯುತ್ತದೆ, ಬಾಗಿಲು ಹೊರಗೆ ಹೋಗುತ್ತದೆ. ಸ್ಲೈಡ್ ಗಂಟು ಬಾಗಿಲಿನಿಂದ ಕಳಚಿ ಕೆಳಗೆ ಬೀಳುತ್ತದೆ. ಬೀಳುವ ತೂಕಕ್ಕೆ ಒಂದು ಕೇಬಲ್ ಎಳೆದು ಬಾಟಲಿಯ ವಾಲ್ವ್ ತೆರೆಯುತ್ತದೆ.

ಬಾಟಲಿಯಲ್ಲಿರುವ ಗ್ಯಾಸ್ ಒಂದರಿಂದಲೇ ಸ್ಲೈಡ್ ತುಂಬುವುದಿಲ್ಲ. ಆ ಗ್ಯಾಸ್ ಆಸ್ಪಿರೇಟರ್ ಅನ್ನುವ ಕೊಳವೆಯಲ್ಲಿ ರಭಸದಿಂದ ನುಗ್ಗುವಾಗ ಹೊರಗಿನ ಗಾಳಿಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಮನೆಯ ಗ್ಯಾಸ್ ಒಲೆಯ ಬರ್ನರ್ ಜೆಟ್ ಪಕ್ಕದ ತೂತಿನಿಂದ ಗಾಳಿ ಎಳೆಯುವುದೂ ಇದೇ ತತ್ವದಲ್ಲಿ. ಸ್ಲೈಡ್‌ನ ಹೊಟ್ಟೆ ತುಂಬಿಸುವುದು ಮುಖ್ಯವಾಗಿ ಈ ಹೊರಗಿನ ಗಾಳಿ. ಆಸ್ಪಿರೇಟರ್ ಬಾಯಿಗೆ ಪ್ಲಾಸ್ಟಿಕ್ ಚೂರೊಂದು ಅಡ್ಡ ಬಂದರೂ ಬಾಟಲಿ ಪೂರ್ತಿ ಖಾಲಿಯಾಗುತ್ತದೆ, ಸ್ಲೈಡ್ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ.

ಅಮೆರಿಕದ ನಿಯಮದ ಪ್ರಕಾರ ಬಾಗಿಲಿನ ಸ್ಲೈಡ್ ಬಿಚ್ಚಿಕೊಳ್ಳಲು ಶುರುವಾದ 6 ಸೆಕೆಂಡಿನೊಳಗೆ ನಿಲ್ಲಬೇಕು. 25 ನಾಟ್ ಗಾಳಿಯಲ್ಲೂ ಕೆಲಸಕ್ಕೆ ಬರಬೇಕು. 44ಕ್ಕಿಂತ ಜಾಸ್ತಿ ಸೀಟಿನ ವಿಮಾನವಾದರೆ ಅರ್ಧದಷ್ಟು ಬಾಗಿಲುಗಳಲ್ಲೇ ಎಲ್ಲರೂ 90 ಸೆಕೆಂಡಿನಲ್ಲಿ ಇಳಿಯಬೇಕು. ಈ ಲೆಕ್ಕದಲ್ಲಿ ಸಡಿಲಿಕೆ ಇಲ್ಲ. ಒಂದು ಸ್ಲೈಡ್ ಕೈಕೊಟ್ಟರೆ ಆ ಬಾಗಿಲಿನ ಜನರೆಲ್ಲ ಇನ್ನೊಂದು ಬಾಗಿಲಿನ ಸಾಲಿಗೆ ಬರುತ್ತಾರೆ.

ಮುಟ್ಟುವ ಮೊದಲು

ಲಿವರ್ ಡಿಸ್‌ಆರ್ಮ್‌ನಲ್ಲಿರಲಿ. ಕೆಂಪು ಪಟ್ಟಿಯ ಸೇಫ್ಟಿ ಪಿನ್ ಅದರ ತೂತಿನಲ್ಲಿ ಕೂತಿರಲಿ. ಬಾಗಿಲ ಹೊರಗೆ ಏಣಿ ಇದೆಯಾ, ಏರೋಬ್ರಿಜ್ ಇದೆಯಾ, ಕೇಟರಿಂಗ್ ಗಾಡಿಯವರು ನಿಂತಿದ್ದಾರಾ ನೋಡಿ.

ಒಳಗಿನಿಂದ ತೆರೆಯುವಾಗ ಹ್ಯಾಂಡಲ್ ಸ್ವಲ್ಪ ಎತ್ತಿ ಕಿಟಕಿಯ ಕೆಳಗಿನ ಲೈಟ್ ನೋಡುವ ಅಭ್ಯಾಸ ಮಾಡಿಕೊಳ್ಳಿ. ಆರ್ಮ್ ಆಗಿದ್ದರೆ ಬಿಳಿ ಲೈಟ್ ಹತ್ತುತ್ತದೆ. ಹತ್ತಿತು ಅಂದರೆ ಹ್ಯಾಂಡಲ್ ಕೆಳಗಿಡಿ, ಲಿವರ್ ನೋಡಿ. ಕೆಂಪು ಲೈಟ್ ಮಿನುಗಿದರೆ ಅದು ಬೇರೆ ಮಾತು, ಕ್ಯಾಬಿನ್‌ನಲ್ಲಿ ಒತ್ತಡ ಇನ್ನೂ ಉಳಿದಿದೆ ಅಂತ. ಆಗಲೂ ತೆರೆಯುವ ಹಾಗಿಲ್ಲ. ಹೊರಗಿನ ಹ್ಯಾಂಡಲ್‌ನಿಂದ ತೆರೆದರೆ ಎ320 ಬಾಗಿಲು ತಾನೇ ಡಿಸ್‌ಆರ್ಮ್ ಆಗುತ್ತದೆ. ನಿಲ್ದಾಣದಲ್ಲಿ ಸುಮ್ನೆ ಉಬ್ಬಿಹೋಗುವ ಸ್ಲೈಡ್‌ಗಳ ಹಿಂದೆ ಒಳಗಿನ ಕೈ ಇರುವುದು ಇದೇ ಕಾರಣಕ್ಕೆ.

ಲಿವರ್ ಒಂದು ಹೇಳುತ್ತದೆ, ಪರದೆ ಇನ್ನೊಂದು

ಅತಿ ಹೆಚ್ಚು ತಲೆ ತಿನ್ನುವ ಸ್ನ್ಯಾಗ್ ಇದು. ಸಿಬ್ಬಂದಿ ನಾಲ್ಕೂ ಬಾಗಿಲು ಆರ್ಮ್ ಮಾಡಿರುತ್ತಾರೆ. ಈಕ್ಯಾಮ್‌ನ ಬಾಗಿಲು ಪುಟದಲ್ಲಿ ಮೂರರ ಪಕ್ಕ ‘ಸ್ಲೈಡ್’ ಅಂತ ಬಿಳಿಯಾಗಿ ಕಾಣುತ್ತದೆ, ನಾಲ್ಕನೆಯದರ ಪಕ್ಕ ಇಲ್ಲ. ಪುಶ್‌ಬ್ಯಾಕ್ ನಿಲ್ಲುತ್ತದೆ, ನಿಮ್ಮನ್ನು ಕರೆಯುತ್ತಾರೆ.

ಇಂಥ ಹೊತ್ತಿನಲ್ಲಿ ಎಲ್ಲರ ಕೈ ಹೋಗುವುದು ಸರ್ಕಿಟ್ ಬ್ರೇಕರ್ ಕಡೆ. ತಡೆಯಿರಿ. ಮೊದಲು ನೆಲ ನೋಡಿ. ಬಾಗಿಲಿನೊಳಗಿನ ಸಂವೇದಕಕ್ಕೆ ಗೊತ್ತಾಗುವುದು ಲಿವರ್‌ನ ಹಿಂದಿರುವ ಯಂತ್ರಭಾಗ ಎಲ್ಲಿದೆ ಅನ್ನುವುದು. ಗರ್ಟ್ ಬಾರ್ ಎರಡೂ ತುದಿಯಲ್ಲಿ ನೆಲದ ಫಿಟ್ಟಿಂಗ್‌ಗೆ ನಿಜವಾಗಿ ಕೂತಿದೆಯಾ ಅನ್ನುವುದನ್ನು ಕಣ್ಣೇ ಹೇಳಬೇಕು. ಟಾರ್ಚ್ ಹಿಡಿದು ಬಗ್ಗಿ ನೋಡಿ. ಆ ಫಿಟ್ಟಿಂಗ್ ಇರುವುದು ಕ್ಯಾಬಿನ್‌ನ ಅತಿ ಗಲೀಜು ಜಾಗದಲ್ಲಿ. ಗ್ಯಾಲಿಯ ಪಕ್ಕ, ಹತ್ತುವವರ ಚಪ್ಪಲಿಯ ಕೆಳಗೆ, ಟ್ರಾಲಿ ಚಕ್ರದ ದಾರಿಯಲ್ಲಿ. ಒಣಗಿ ಅಂಟಾದ ಚಹಾ, ಸಕ್ಕರೆ ಪೊಟ್ಟಣದ ಮೂಲೆ, ಕಡಲೆಬೀಜದ ಸಿಪ್ಪೆ, ಹೇರ್‌ಪಿನ್, ಬೋರ್ಡಿಂಗ್ ಪಾಸಿನ ಹರಿದ ತುಂಡು. ಇವೆಲ್ಲ ಒಟ್ಟಿಗೆ ಒತ್ತಿಕೊಂಡು ಗಟ್ಟಿಯಾದರೆ ಸರಳು ಕೆಲವು ಮಿಲಿಮೀಟರ್ ಮೇಲೇ ನಿಲ್ಲುತ್ತದೆ. ಲಿವರ್ ಕೊನೆಯವರೆಗೆ ಹೋದ ಹಾಗೆ ಕಾಣುತ್ತದೆ, ಹೋಗಿರುವುದಿಲ್ಲ.

ಲಿವರನ್ನು ನೀವೇ ಹಾಕಿ ತೆಗೆದು ನೋಡಿ, ಬಾಗಿಲು ಮುಚ್ಚಿದ ಸ್ಥಿತಿಯಲ್ಲಿ, ಮ್ಯಾನ್ಯುವಲ್ ಹೇಳಿದ ಎಚ್ಚರಿಕೆಗಳೊಂದಿಗೆ. ಆಮೇಲೆ ಎದುರಿನ ಬಾಗಿಲಿನ ಲಿವರ್ ಹಾಕಿ ನೋಡಿ. ಎರಡರ ಬಿಗಿಯನ್ನು ಕೈ ಹೋಲಿಸಲಿ. ಒಂದು ಸಲೀಸಾಗಿ ಕೂತು ಇನ್ನೊಂದು ಕೊನೆಯಲ್ಲಿ ಮೆತ್ತಗೆ ಒತ್ತಿದಂತಾದರೆ ಕಸವೋ ಬಗ್ಗಿದ ಸರಳೋ ಇದೆ ಅಂತ ತಿಳಿಯಿರಿ. ಸ್ವಚ್ಛ ಮಾಡಿದ ಮೇಲೂ ಬಿಗಿ ಹೋಗದಿದ್ದರೆ ಸರಳು ನೇರ ಇದೆಯಾ, ಫಿಟ್ಟಿಂಗ್‌ನ ತುಟಿ ಟ್ರಾಲಿ ಬಡಿದು ಮಡಚಿದೆಯಾ ನೋಡಿ. ಸಿಲಿಕೋನ್ ಸ್ಪ್ರೇ ಹೊಡೆದು ಸರಿ ಮಾಡಿದೆ ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಎಣ್ಣೆಯ ಅಂಟು ನಾಳೆಯ ಕಸವನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೇ.

ಸರಳು ಸರಿಯಾಗಿ ಕೂತಿದೆ, ಆದರೂ ಪರದೆಯಲ್ಲಿ ಇಲ್ಲ ಅಂದರೆ ಈಗ ವಿದ್ಯುತ್ತಿನ ಕಡೆ ಬನ್ನಿ. ಇಲ್ಲಿ ಒಂದು ಪ್ರಶ್ನೆ ಕೇಳಿ: ಬಾಗಿಲಿನ ಬಿಳಿ ಲೈಟ್ ಹತ್ತುತ್ತಿದೆಯಾ? ಹತ್ತುತ್ತಿದ್ದು ಪರದೆ ಮಾತ್ರ ಸುಮ್ಮನಿದ್ದರೆ ಒಂದು ದಾರಿ, ಎರಡೂ ಸುಮ್ಮನಿದ್ದರೆ ಇನ್ನೊಂದು ದಾರಿ. ಟಿಎಸ್‌ಎಂ ಈ ಕವಲಿನಿಂದಲೇ ಬೇರೆ ಬೇರೆ ಕೆಲಸ ಹೇಳುತ್ತದೆ. ಎರಡನ್ನೂ ನೋಡದೆ ಸಂವೇದಕ ಬದಲಿಸುವುದು ಸ್ಟೋರ್ಸ್‌ನ ಸಾಮಾನು ಹಾಳು ಮಾಡಿದ ಹಾಗೆ. ಸಂವೇದಕ ಮತ್ತು ಅದರ ಎದುರಿನ ಗುರಿತುಂಡಿನ ನಡುವಿನ ಅಂತರವನ್ನು ಫೀಲರ್ ಗೇಜ್‌ನಲ್ಲಿ ಅಳೆಯಿರಿ, ಕಣ್ಣಂದಾಜು ಬೇಡ.

ಬಂದು ಹೋಗುವ ದೋಷವಾದರೆ ನನ್ನ ಮೊದಲ ಅನುಮಾನ ಬಾಗಿಲ ಕೀಲಿನ ಬಳಿ ಬಾಗುವ ತಂತಿಗಳ ಮೇಲೆ. ದಿನಕ್ಕೆ ಹತ್ತಾರು ಸಲ ಬಾಗಿಲು ತೆರೆದು ಮುಚ್ಚುತ್ತದೆ, ಪ್ರತಿ ಸಲವೂ ಆ ತಂತಿಗಳು ಬಾಗುತ್ತವೆ. ಹೊರಗಿನ ಕವಚ ಚೆನ್ನಾಗಿಯೇ ಇರುತ್ತದೆ, ಒಳಗಿನ ಎಳೆ ಮುರಿದಿರುತ್ತದೆ. ಬಾಗಿಲು ಒಂದು ಸ್ಥಾನದಲ್ಲಿದ್ದಾಗ ಸಂಪರ್ಕ ಸಿಗುತ್ತದೆ, ಇನ್ನೊಂದರಲ್ಲಿ ಕಡಿಯುತ್ತದೆ. ಮೀಟರ್ ಹಚ್ಚಿಕೊಂಡು ಬಾಗಿಲನ್ನು ನಿಧಾನ ಚಲಿಸುತ್ತಾ ನೋಡಿದರೆ ಸಿಗುತ್ತದೆ. ಬಾಗಿಲು ನಿಲ್ಲಿಸಿ ಅಳೆದರೆ ‘ದೋಷ ಕಂಡುಬಂದಿಲ್ಲ’ ಅಂತ ಬರೆದು ಮನೆಗೆ ಹೋಗುತ್ತೀರಿ, ಮಾರನೇ ದಿನ ಕೊಚ್ಚಿಯಲ್ಲಿ ಅದೇ ಸ್ನ್ಯಾಗ್ ಎದ್ದಿರುತ್ತದೆ.

ಇದರ ನಡುವೆ ಬಿ1 (ಯಾಂತ್ರಿಕ ಭಾಗದ ಲೈಸೆನ್ಸ್‌ನವರು), ಬಿ2 (ಏವಿಯಾನಿಕ್ಸ್, ಅಂದರೆ ವಿದ್ಯುತ್-ಎಲೆಕ್ಟ್ರಾನಿಕ್ಸ್ ಭಾಗದವರು) ಜಗಳ ಒಂದು ಇದ್ದದ್ದೇ. ಲೈಟ್ ಅಂದ ಕೂಡಲೇ ‘ಅದು ಏವಿಯಾನಿಕ್ಸ್’ ಅಂತ ಬಿ1 ಕೈ ತೊಳೆದುಕೊಳ್ಳುತ್ತಾರೆ. ಸರಳು ಅಂದ ಕೂಡಲೇ ಬಿ2 ಹೊರಟುಹೋಗುತ್ತಾರೆ. ಈ ಸ್ನ್ಯಾಗ್‌ಗೆ ಇಬ್ಬರೂ ಒಂದೇ ಬಾಗಿಲ ಮುಂದೆ ಒಟ್ಟಿಗೆ ನಿಲ್ಲಬೇಕು. ಇಲ್ಲದಿದ್ದರೆ ಅರ್ಧ ಅರ್ಧ ನೋಡಿದ ಕೆಲಸವಾಗುತ್ತದೆ.

ಮಾಪಕದ ಮುಳ್ಳು ಹಸಿರಿನಿಂದ ಆಚೆ

ಮೊದಲು ಯಾವ ಮಾಪಕ ಅನ್ನುವುದನ್ನು ಖಾತ್ರಿ ಮಾಡಿಕೊಳ್ಳಿ. ಎ320 ಬಾಗಿಲಲ್ಲಿ ಎರಡಿವೆ. ಒಂದು ಸ್ಲೈಡ್ ಬಾಟಲಿಯದು. ಇನ್ನೊಂದು ತುರ್ತಿನಲ್ಲಿ ಬಾಗಿಲನ್ನು ಹೊರಗೆ ತಳ್ಳುವ ಸಿಲಿಂಡರಿನದು. ಆ ಸಿಲಿಂಡರ್ ಎಂದಿನ ದಿನಗಳಲ್ಲಿ ಬಾಗಿಲ ಓಟಕ್ಕೆ ತಡೆ ಕೊಡುತ್ತದೆ, ಆರ್ಮ್ ಆಗಿರುವಾಗ ತೆರೆದರೆ ನೈಟ್ರೋಜನ್ ಬಲದಿಂದ ಬಾಗಿಲನ್ನು ತಳ್ಳುತ್ತದೆ. ‘ಡೋರ್ ಪ್ರೆಶರ್ ಲೋ’ ಅಂತಷ್ಟೇ ಬರೆದು ಹೋದರೆ ಮುಂದಿನವರಿಗೆ ಏನು ಅರ್ಥವಾಗಬೇಕು?

ಆಮೇಲೆ ಉಷ್ಣತೆ. ಗ್ಯಾಸ್ ತಣ್ಣಗಾದರೆ ಒತ್ತಡ ಇಳಿಯುತ್ತದೆ. ಬರೀ ನೈಟ್ರೋಜನ್ ಅಂತ ಲೆಕ್ಕ ಹಾಕಿದರೂ 21 ಡಿಗ್ರಿಯಲ್ಲಿ ತುಂಬಿದ್ದು 0 ಡಿಗ್ರಿಗೆ ಬಂದಾಗ ಸುಮಾರು ಶೇ 7 ಇಳಿಯುತ್ತದೆ. ಬಾಟಲಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಬೆರೆಸಿದ್ದರೆ ಲೆಕ್ಕ ಇಷ್ಟು ಸರಳ ಅಲ್ಲ, ಇಳಿತ ಇನ್ನೂ ಜಾಸ್ತಿ. ಬೆಂಗಳೂರಿನ ಮಧ್ಯಾಹ್ನದಲ್ಲಿ ಸರಿಯಿದ್ದ ಮುಳ್ಳು, ಶ್ರೀನಗರದಲ್ಲಿ ಜನವರಿಯ ರಾತ್ರಿ ನಿಂತ ವಿಮಾನದಲ್ಲಿ ಬೆಳಗ್ಗೆ ಅಂಚಿಗೆ ಬಂದಿದ್ದರೆ ಆಶ್ಚರ್ಯ ಬೇಡ. ಅದಕ್ಕೇ ಮ್ಯಾನ್ಯುವಲ್‌ನಲ್ಲಿ ಉಷ್ಣತೆ ಮತ್ತು ಒತ್ತಡದ ಕೋಷ್ಟಕ ಇರುವುದು. ಹೀಟರ್ ಹಾಕಿದ ಹತ್ತು ನಿಮಿಷಕ್ಕೆ ಕ್ಯಾಬಿನ್ ಗಾಳಿ ಬೆಚ್ಚಗಾಗಿರುತ್ತದೆ, ಮುಚ್ಚಳದ ಹಿಂದಿನ ಬಾಟಲಿ ಆಗಿರುವುದಿಲ್ಲ. ಗಾಳಿಯ ಉಷ್ಣತೆ ಹಿಡಿದು ಕೋಷ್ಟಕ ನೋಡಿದರೆ ತಪ್ಪು ಉತ್ತರ ಸಿಗುತ್ತದೆ.

ಇಲ್ಲಿ ಯಾವ ಉಪಕರಣವೂ ಬೇಡದ ಒಂದು ಪರೀಕ್ಷೆ ಇದೆ. ನಾಲ್ಕೂ ಬಾಗಿಲಿನ ಮುಳ್ಳು ನೋಡಿ. ನಾಲ್ಕೂ ಹೆಚ್ಚುಕಡಿಮೆ ಒಂದೇ ಸಮ ಇಳಿದಿದ್ದರೆ ಚಳಿ. ಮೂರು ಒಂದು ಕಡೆ, ಒಂದು ಮಾತ್ರ ಕೆಳಗೆ ಇದ್ದರೆ ಆ ಒಂದು ಸೋರುತ್ತಿದೆ. ಅಂಚಿನಲ್ಲಿ ಇನ್ನೂ ಹಸಿರಲ್ಲೇ ಇದೆ ಅಂತ ಸುಮ್ಮನಾಗಬೇಡಿ. ಆ ದಿನದ ಅಂಕಿ ಮತ್ತು ಉಷ್ಣತೆ ಬರೆದಿಡಿ. ನಾಲ್ಕು ದಿನ ಬಿಟ್ಟು ಇನ್ನೊಬ್ಬರು ನೋಡಿದಾಗ ಇಳಿಯುವ ದಿಕ್ಕು ಕಾಣುತ್ತದೆ.

ಮುಳ್ಳನ್ನು ಎದುರಿಗೆ ನಿಂತು ನೋಡಿ. ಬದಿಯಿಂದ ಸಣ್ಣ ಕಿಟಕಿಯಲ್ಲಿ ಇಣುಕಿದರೆ ಮುಳ್ಳು ಅರ್ಧ ಗೆರೆ ಆಚೀಚೆ ಕಾಣುತ್ತದೆ. ಬೆರಳಿನಿಂದ ಟಕಟಕ ಬಡಿಯುವ ಹಳೇ ಚಟ ಇಲ್ಲಿ ಬೇಡ, ನಿಮ್ಮ ಮುಂದಿರುವುದು ಒತ್ತಡದ ಬಾಟಲಿ. ಬಾಟಲಿಗೆ ಗ್ಯಾಸ್ ತುಂಬುವುದು ಶಾಪ್‌ನ ಕೆಲಸ. ನಮ್ಮ ಪಾಲಿಗೆ ಬರುವುದು ಅಸೆಂಬ್ಲಿ ಬದಲಾವಣೆ. ಹೊಸದು ಹಾಕುವಾಗ ಅದರ ಟ್ಯಾಗ್‌ನಲ್ಲಿ ಓವರ್‌ಹಾಲ್ ದಿನಾಂಕ ಮಾತ್ರ ನೋಡಬೇಡಿ, ಬಾಟಲಿಯ ಹೈಡ್ರೋ ಪರೀಕ್ಷೆಯ (ನೀರಿನ ಒತ್ತಡ ಹಾಕಿ ನೋಡುವುದು) ದಿನಾಂಕವನ್ನೂ ನೋಡಿ. ಎರಡರ ಗಡುವು ಬೇರೆ ಬೇರೆ.

ಉಬ್ಬಬಾರದಾಗ ಉಬ್ಬಿದ್ದು, ಉಬ್ಬಬೇಕಾದಾಗ ಉಬ್ಬದ್ದು

ಬೇಯಲ್ಲಿ ಸ್ಲೈಡ್ ತಾನಾಗಿ ಹೊರಬಂದರೆ ಮೊದಲ ಹತ್ತು ನಿಮಿಷ ಎಲ್ಲರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿರುತ್ತಾರೆ. ನೀವು ಆ ಹೊತ್ತಿನಲ್ಲಿ ಫೋಟೊ ತೆಗೆಯಿರಿ. ಲಿವರ್ ಯಾವ ಸ್ಥಾನದಲ್ಲಿದೆ, ಸರಳು ನೆಲದಲ್ಲಿ ಹೇಗೆ ಕೂತಿದೆ, ಮಾಪಕ ಎಷ್ಟು ತೋರಿಸುತ್ತಿದೆ, ಸ್ಲೈಡ್ ಪೂರ್ತಿ ನಿಂತಿದೆಯಾ. ಯಾರಿಗಾದರೂ ಪೆಟ್ಟಾಗಿದ್ದರೆ ಅದು ಮೊದಲು, ಅದನ್ನು ಹೇಳಬೇಕಾಗಿಲ್ಲ. ಸ್ಲೈಡನ್ನು ಚಾಕು ಹಾಕಿ ಗಾಳಿ ಬಿಡಬೇಡಿ. ಶಾಪ್‌ನವರಿಗೆ ಆ ಬಟ್ಟೆಯೇ ಸಾಕ್ಷಿ.

ಸ್ಲೈಡ್ ಬದಲಿಸಿ ಬಾಗಿಲು ಮುಚ್ಚಿ ಹೊರಟುಬಿಡುವವರಿದ್ದಾರೆ. ಆರ್ಮ್ ಸ್ಥಿತಿಯಲ್ಲಿ ಬಾಗಿಲು ತೆರೆದಿದ್ದರಿಂದ ತಳ್ಳುವ ಸಿಲಿಂಡರ್ ಕೂಡ ಕೆಲಸ ಮಾಡಿರುತ್ತದೆ, ಅದರ ಒತ್ತಡವೂ ಹೋಗಿರುತ್ತದೆ. ಬಾಗಿಲು ರಭಸದಿಂದ ಹೋಗಿ ನಿಂತ ಕೀಲು, ತಡೆಗಳನ್ನೂ ನೋಡಬೇಕು.

ಸ್ಲೈಡ್ ಕೆಳಗೆ ಬಿದ್ದು ಉಬ್ಬದೆ ನೇತಾಡುತ್ತಿದ್ದರೆ ಮಾತ್ರ ದೂರ ನಿಲ್ಲಿ. ಬಾಟಲಿ ತುಂಬಿದೆ, ವಾಲ್ವ್ ಅರ್ಧ ಎಳೆದಿದೆ, ಯಾವಾಗ ಬೇಕಾದರೂ ಹೊಡೆಯಬಹುದು. ಮ್ಯಾನ್ಯುವಲ್ ಪ್ರಕಾರ ವಾಲ್ವ್‌ಗೆ ಪಿನ್ ಹಾಕಿದ ಮೇಲೆಯೇ ಹತ್ತಿರ ಹೋಗುವುದು. ನನ್ನ ದೃಷ್ಟಿಯಲ್ಲಿ ಈ ಇಡೀ ಬರಹದಲ್ಲಿ ಅತಿ ಗಂಭೀರ ದೋಷ ಇದು. ಉಬ್ಬಬಾರದಾಗ ಉಬ್ಬಿದ್ದಕ್ಕೆ ಕಾರಣ ಬಹುಪಾಲು ಒಂದು ಕೈ. ಉಬ್ಬಬೇಕಾದಾಗ ಉಬ್ಬದ್ದಕ್ಕೆ ಕಾರಣ ವ್ಯವಸ್ಥೆ. ಕೇಬಲ್ ಎಲ್ಲಿ ಸಿಕ್ಕಿಕೊಂಡಿತು, ಗಂಟು ಕಟ್ಟುವಾಗ ದಾರ ತಪ್ಪಾಯಿತಾ, ಅದೇ ಶಾಪ್ ಕಟ್ಟಿದ ಉಳಿದ ಸ್ಲೈಡ್‌ಗಳು ಎಲ್ಲಿವೆ ಅನ್ನುವ ಪ್ರಶ್ನೆಗಳು ಅಲ್ಲಿಂದ ಹುಟ್ಟುತ್ತವೆ. ಅದಕ್ಕೇ ಏನನ್ನೂ ಅಲುಗಿಸುವ ಮೊದಲು ಕೇಬಲ್ ಇದ್ದ ಹಾಗೇ ಫೋಟೊ ಬೇಕು.

2009ರ ಜನವರಿ 15ರಂದು ಹಡ್ಸನ್ ನದಿಯಲ್ಲಿ ಇಳಿದ ಎ320ನ ಮುಂದಿನ ಎಡ ಬಾಗಿಲಲ್ಲಿ ಸ್ಲೈಡ್ ತಾನಾಗಿ ಉಬ್ಬಲಿಲ್ಲ. ಸಿಬ್ಬಂದಿ ಕೈಯಿಂದ ಎಳೆಯುವ ಕೆಂಪು ಹಿಡಿಕೆಯನ್ನು ಎಳೆದ ಮೇಲೆ ಉಬ್ಬಿತು. ಆ ಹಿಡಿಕೆ ಗರ್ಟ್‌ನ ಬಲಬದಿಯಲ್ಲಿರುತ್ತದೆ. ಪ್ರತಿ ಪರಿಶೀಲನೆಯಲ್ಲೂ ಅದು ಮಡಿಕೆಯೊಳಗೆ ಹೂತುಹೋಗಿಲ್ಲ, ಕೈಗೆ ಸಿಗುತ್ತದೆ ಅಂತ ನೋಡಿ. 2013ರ ಜುಲೈ 6ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಪಘಾತಕ್ಕೀಡಾದ ಬೋಯಿಂಗ್ 777ರಲ್ಲಿ ಇದರ ತಿರುಗುಮುರುಗು ಆಯಿತು. ಬಡಿತದ ಹೊಡೆತಕ್ಕೆ ಬಲಬದಿಯ ಎರಡು ಸ್ಲೈಡ್‌ಗಳು ಕ್ಯಾಬಿನ್ ಒಳಗೇ ಉಬ್ಬಿದವು, ಸಿಬ್ಬಂದಿ ಅದರಡಿ ಸಿಕ್ಕಿಕೊಂಡರು.

ರೆಕ್ಕೆಯ ಮೇಲಿನ ಬಾಗಿಲು

ಇವು ಎ320ರಲ್ಲಿ ಯಾವಾಗಲೂ ಆರ್ಮ್ ಆಗಿಯೇ ಇರುತ್ತವೆ. ಸ್ಲೈಡ್ ಇರುವುದು ಬಾಗಿಲಲ್ಲಿ ಅಲ್ಲ, ರೆಕ್ಕೆಯ ಬುಡದ ಹೊರಗಿನ ಪೆಟ್ಟಿಗೆಯಲ್ಲಿ. ಪ್ರಯಾಣಿಕರ ಕೈ ಹೋಗಿರಬಹುದಾದ ಜಾಗ ಇದು, ಹಾಗಾಗಿ ಹಿಡಿಕೆಯ ಪ್ಲಾಸ್ಟಿಕ್ ಮುಚ್ಚಳ ಕಳಚಿದೆ ಅಂತ ಬಂದರೆ ಬರೀ ಮುಚ್ಚಳ ಒತ್ತಿ ಕೂರಿಸಿ ಬರಬೇಡಿ. ಹಿಡಿಕೆ ಅಲುಗಿದೆಯಾ, ಲೈಟ್ ಏನು ಹೇಳುತ್ತದೆ, ಹೊರಗಿನ ಪ್ಯಾನಲ್ ಸುತ್ತ ಅಂಚು ಸಮ ಇದೆಯಾ ನೋಡಿ.

ಹೊರಗಿನ ಪ್ಯಾನಲನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2023ರ ಜುಲೈನಲ್ಲಿ ಶಿಕಾಗೊದಲ್ಲಿ ಇಳಿಯುತ್ತಿದ್ದ ಬೋಯಿಂಗ್ 767ರಿಂದ ತುರ್ತು ಸ್ಲೈಡ್ ಕಳಚಿ ಒಂದು ಮನೆಯ ಮೇಲೆ ಬಿತ್ತು. 2024ರ ಏಪ್ರಿಲ್ 26ರಂದು ನ್ಯೂಯಾರ್ಕ್‌ನಿಂದ ಹೊರಟ ಇನ್ನೊಂದು 767 ತನ್ನ ಸ್ಲೈಡ್ ಕಳೆದುಕೊಂಡು ಹಿಂದಿರುಗಿತು. ವಿಮಾನ ಇಳಿದ ಮೇಲೆ ನೋಡಿದರೆ ಸ್ಲೈಡ್ ಇರಲಿಲ್ಲ, ಆಮೇಲೆ ಅದು ಸಮುದ್ರದ ದಡಕ್ಕೆ ಬಂದು ಸಿಕ್ಕಿತು.

ದೀಪಗಳು

ತುರ್ತು ದೀಪಗಳಿಗೆ ತಮ್ಮದೇ ಬ್ಯಾಟರಿ ಪೆಟ್ಟಿಗೆಗಳಿವೆ. ಮುಖ್ಯ ವಿದ್ಯುತ್ ಹೋದ ಮೇಲೂ ಕನಿಷ್ಠ 10 ನಿಮಿಷ ಉರಿಯಬೇಕು ಅನ್ನುವುದು ನಿಯಮ. ಬೆಳಗಿನ ಮೊದಲ ಪರೀಕ್ಷೆಯಲ್ಲಿ ಬ್ಯಾಟರಿ ಫೇಲ್ ಅಂತ ಬಂದರೆ ಬ್ಯಾಟರಿಗೆ ಬೈಯುವ ಮೊದಲು ರಾತ್ರಿ ವಿಮಾನವನ್ನು ಯಾರು ಹೇಗೆ ಬಿಟ್ಟುಹೋದರು ಅಂತ ಕೇಳಿ. ಕಾಕ್‌ಪಿಟ್ ಸ್ವಿಚ್ ಆರ್ಮ್‌ನಲ್ಲೇ ಇದ್ದು ಗ್ರೌಂಡ್ ಪವರ್ ಕಿತ್ತರೆ ವ್ಯವಸ್ಥೆ ತನ್ನ ಕೆಲಸ ತಾನು ಮಾಡುತ್ತದೆ. ವಿದ್ಯುತ್ ಹೋಯಿತು ಅಂದುಕೊಂಡು ದೀಪ ಹಚ್ಚುತ್ತದೆ. ಯಾರೂ ಇಲ್ಲದ ಕ್ಯಾಬಿನ್‌ನಲ್ಲಿ ಬ್ಯಾಟರಿ ಮುಗಿಯುವವರೆಗೆ ಉರಿಯುತ್ತದೆ. ಅಂಥ ಬ್ಯಾಟರಿಗೆ ಮ್ಯಾನ್ಯುವಲ್ ಹೇಳಿದಷ್ಟು ಹೊತ್ತು ಚಾರ್ಜ್ ಕೊಟ್ಟು ಮತ್ತೆ ಪರೀಕ್ಷಿಸಿ. ಆಗಲೂ ಫೇಲ್ ಆದರೆ ಬದಲಿಸಿ.

ಯಾವ ದೀಪ ಸತ್ತಿದೆ ಅನ್ನುವುದಕ್ಕಿಂತ ಯಾವ ಯಾವ ದೀಪ ಒಟ್ಟಿಗೆ ಸತ್ತಿವೆ ಅನ್ನುವುದು ಮುಖ್ಯ. ಒಂದೇ ಆದರೆ ಆ ದೀಪವೋ ಅದರ ಕನೆಕ್ಟರೋ. ಒಂದು ಭಾಗದ ಗುಂಪೇ ಹೋಗಿದ್ದರೆ ಆ ಭಾಗದ ಪೆಟ್ಟಿಗೆ. ಎಲ್ಲವೂ ಅಂದರೆ ಸ್ವಿಚ್ ಅಥವಾ ಮೂಲ ವಿದ್ಯುತ್.

ನೆಲದ ಹೊಳೆಯುವ ಪಟ್ಟಿಗೆ ತಂತಿಯೂ ಇಲ್ಲ, ಬ್ಯಾಟರಿಯೂ ಇಲ್ಲ. ಕ್ಯಾಬಿನ್ ದೀಪದ ಬೆಳಕು ಕುಡಿದು ಕತ್ತಲಲ್ಲಿ ಹೊಳೆಯುತ್ತದೆ. ಕತ್ತಲು ಮಾಡದೆ ಅದನ್ನು ಪರೀಕ್ಷಿಸಿದೆ ಅಂದರೆ ನಾನು ನಂಬುವುದಿಲ್ಲ. ಮಂಕಾಗಿದೆ ಅಂತ ಸ್ನ್ಯಾಗ್ ಬಂದರೆ ಮೊದಲು ಒರೆಸಿ, ಹೊಸ ಕಾರ್ಪೆಟ್ ಅಂಚು ಮೇಲೆ ಬಂದಿದೆಯಾ ನೋಡಿ, ನಿಗದಿತ ಹೊತ್ತು ದೀಪ ಹಾಕಿ ಚಾರ್ಜ್ ಮಾಡಿ, ಆಮೇಲೆ ತೀರ್ಮಾನಿಸಿ.

ಧ್ವನಿ

ಇವ್ಯಾಕ್ ಹಾರ್ನ್ (ತುರ್ತಾಗಿ ಇಳಿಯಲು ಹೇಳುವ ಸದ್ದು), ಪಿಎ (ಕ್ಯಾಬಿನ್ ಧ್ವನಿವರ್ಧಕ), ಇಂಟರ್‌ಫೋನ್ ಸ್ನ್ಯಾಗ್‌ಗಳನ್ನು ‘ಕ್ಯಾಬಿನ್ ಸಾಮಾನು’ ಅಂತ ಹಿಂದಕ್ಕೆ ತಳ್ಳುವ ರೂಢಿ ಇದೆ. 2024ರ ಜನವರಿ 2ರಂದು ಟೋಕಿಯೊದ ಹನೇಡದಲ್ಲಿ ಎ350 ಹೊತ್ತಿಕೊಂಡಾಗ ಪಿಎ ಕೆಲಸ ಮಾಡಲಿಲ್ಲ. ಸಿಬ್ಬಂದಿ ಮೆಗಾಫೋನ್ ಹಿಡಿದು, ಕೂಗಿ ಜನರನ್ನು ಇಳಿಸಿದರು. ಎಂಟು ಬಾಗಿಲಲ್ಲಿ ಮೂರನ್ನೇ ಬಳಸಿ 379 ಜನರೂ ಬದುಕಿ ಬಂದರು. ಮೆಗಾಫೋನ್ ಬ್ಯಾಟರಿಯನ್ನು ಸೀಲ್ ನೋಡಿ ಸಹಿ ಹಾಕುವ ಬದಲು, ನಿಮ್ಮ ಕೆಲಸದ ಕಾರ್ಡ್ ಅನುಮತಿಸಿದರೆ ಒಂದು ಸಲ ಒತ್ತಿ ನೋಡಿ.

ಬರೆಯುವುದು

ಟೆಕ್ ಲಾಗ್ ಪುಟಗಳಲ್ಲಿ ನಾನು ಜಾಸ್ತಿ ಕಾಣುವ ವಾಕ್ಯ: ‘ಡೋರ್ ಸ್ಲೈಡ್ ಲೈಟ್ ಯು/ಎಸ್’ (ಕೆಲಸ ಮಾಡುತ್ತಿಲ್ಲ ಅಂತ). ಅದರ ಎದುರು ಕ್ರಮ: ‘ರೀಸೆಟ್ ಮಾಡಲಾಯಿತು, ಸರಿಯಿದೆ’.

“ಸರ್, ರೀಸೆಟ್ ಮಾಡಿದೆ, ಹೋಯ್ತು” ಅಂತ ಹುಡುಗರು ಹೇಳುತ್ತಾರೆ.

“ಏನು ಹೋಯ್ತಪ್ಪಾ, ದೋಷ ಹೋಯ್ತಾ, ಸೂಚನೆ ಹೋಯ್ತಾ?”

ಅದಕ್ಕೆ ಉತ್ತರ ಇರುವುದಿಲ್ಲ. ಒಳ್ಳೆಯ ದಾಖಲೆ ಹೀಗಿರುತ್ತದೆ: ಹಿಂದಿನ ಬಲ ಬಾಗಿಲು. ಲಿವರ್ ಆರ್ಮ್ ಸ್ಥಾನದಲ್ಲಿ, ಬಾಗಿಲ ಬಿಳಿ ಲೈಟ್ ಹತ್ತುತ್ತದೆ, ಈಕ್ಯಾಮ್‌ನಲ್ಲಿ ಸ್ಲೈಡ್ ಸೂಚನೆ ಇಲ್ಲ. ಪುಶ್‌ಬ್ಯಾಕ್‌ಗೆ ಮೊದಲು ಕಂಡಿತು, ಬಾಗಿಲು ತೆರೆದು ಮುಚ್ಚಿದ ಮೇಲೆ ಬಂತು. ಗರ್ಟ್ ಬಾರ್ ಎರಡೂ ತುದಿಯಲ್ಲಿ ಕೂತಿದೆ. ಇಷ್ಟಿದ್ದರೆ ಮುಂದಿನ ನಿಲ್ದಾಣದವರು ನೆಲ ಕೆರೆಯದೆ ನೇರ ಕೀಲಿನ ತಂತಿಗೆ ಹೋಗುತ್ತಾರೆ. ‘ತೆರೆದು ಮುಚ್ಚಿದ ಮೇಲೆ ಬಂತು’ ಅನ್ನುವ ಒಂದೇ ಮಾತಿನಲ್ಲಿ ಅರ್ಧ ರೋಗ ಪತ್ತೆಯಾಗಿದೆ, ಅಲ್ವಾ?

ಕ್ಯಾಬಿನ್ ಸಿಬ್ಬಂದಿಯೊಂದಿಗೆ ಎರಡು ನಿಮಿಷ ಮಾತಾಡಿ. “ಮೇಡಂ, ಲಿವರ್ ಹಾಕುವಾಗ ಬಿಗಿ ಇತ್ತಾ? ನಿನ್ನೆ ರಾತ್ರಿ ಫ್ಲೈಟ್‌ನಲ್ಲೂ ಹೀಗೇ ಆಗಿತ್ತಾ?” ಅವರಿಗೆ ಗೊತ್ತಿರುವ ಎಷ್ಟೋ ವಿಷಯ ಕ್ಯಾಬಿನ್ ಲಾಗ್‌ಗೆ ಬಂದಿರುವುದಿಲ್ಲ. ಬರೆದರೆ ವಿಮಾನ ತಡವಾಗುತ್ತದೆ, ತಮ್ಮ ಮೇಲೆ ಬರುತ್ತದೆ ಅನ್ನುವ ಅಂಜಿಕೆ. ಆ ಅಂಜಿಕೆ ಹೋಗುವುದು ನಾವು ಕೇಳುವ ದನಿಯಲ್ಲಿ.

ರಿಪೇರಿ ಮುಂದೂಡುವ ಮಾತು ಬಂದರೆ ಎಂಇಎಲ್ (ಯಾವ ದೋಷ ಇಟ್ಟುಕೊಂಡು ಎಷ್ಟು ದಿನ ಹಾರಬಹುದು ಅನ್ನುವ ಪಟ್ಟಿ) ತೆರೆಯಿರಿ. ಬಿ ವರ್ಗಕ್ಕೆ 3 ದಿನ, ಸಿ ವರ್ಗಕ್ಕೆ 10 ದಿನ, ಡಿ ವರ್ಗಕ್ಕೆ 120 ದಿನ, ದೋಷ ಕಂಡ ದಿನವನ್ನು ಬಿಟ್ಟು. ಸೂಚನೆ ಮಾತ್ರ ಕೆಟ್ಟಿದ್ದಕ್ಕೂ ಬಾಗಿಲು ಅಥವಾ ಸ್ಲೈಡೇ ಕೆಟ್ಟಿದ್ದಕ್ಕೂ ಅಲ್ಲಿ ಬೇರೆ ಬೇರೆ ಪುಟ. ಎರಡನೆಯದರಲ್ಲಿ ಪ್ರಯಾಣಿಕರ ಸಂಖ್ಯೆ ಇಳಿಸಬೇಕಾಗುತ್ತದೆ, ಸೀಟು ಮುಚ್ಚಬೇಕಾಗುತ್ತದೆ, ಬಾಗಿಲಿಗೆ ಫಲಕ ಹಾಕಬೇಕಾಗುತ್ತದೆ. ಆ ತಲೆನೋವು ಬೇಡ ಅಂತ ಸ್ಲೈಡ್ ದೋಷವನ್ನು ಸೂಚನೆಯ ದೋಷ ಅಂತ ಬರೆಸುವ ಒತ್ತಡ ಬರಬಹುದು. ಸಹಿ ನಿಮ್ಮದು, ಲೈಸೆನ್ಸ್ ನಿಮ್ಮದು.

ವರದಿಯ ಗಡುವು ಬೇರೆ ಲೆಕ್ಕ. ಭಾರತದಲ್ಲಿ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಸಿಎಆರ್-145 (ನಿರ್ವಹಣಾ ಸಂಸ್ಥೆಗಳ ನಿಯಮ) ಪ್ರಕಾರ ಸುರಕ್ಷತೆಗೆ ಗಂಭೀರ ಅಪಾಯ ತರುವ ದೋಷ ಕಂಡರೆ ಸಂಸ್ಥೆ 72 ಗಂಟೆಯೊಳಗೆ ತಿಳಿಸಬೇಕು. ಯೂರೋಪಿನ 376/2014 ನಿಯಮದಲ್ಲೂ 72 ಗಂಟೆ. ಅಮೆರಿಕದಲ್ಲಿ 121.703 ನಿಯಮ 96 ಗಂಟೆ ಕೊಡುತ್ತದೆ, ಆದರೆ ಅದರ ವ್ಯಾಪ್ತಿ ದೊಡ್ಡದು. ತುರ್ತು ಬಾಗಿಲು, ತುರ್ತು ದೀಪ, ನಿರ್ಗಮನ ಸಲಕರಣೆಯಲ್ಲಿ ದೋಷ ಕಂಡರೆ ಸಾಕು, ಅದು ನಿಜವಾದ ತುರ್ತಿನಲ್ಲಿ ಕಂಡದ್ದೇ ಆಗಬೇಕಿಲ್ಲ. ತರಬೇತಿಯಲ್ಲಿ, ಪರೀಕ್ಷೆಯಲ್ಲಿ, ರಿಪೇರಿಯಲ್ಲಿ, ತಪ್ಪಿ ಉಬ್ಬಿದಾಗ ಕಂಡದ್ದೂ ವರದಿಯಾಗಬೇಕು. ನನಗೆ ಈ ಮಾತು ಇಷ್ಟ. ಹ್ಯಾಂಗರ್‌ನಲ್ಲಿ ಬೇಕೆಂದೇ ಉಬ್ಬಿಸಿ ನೋಡಿದ ಸ್ಲೈಡ್ ಸೋತರೆ ‘ಅದು ಬರೀ ಪರೀಕ್ಷೆ’ ಅಂತ ಫೈಲ್ ಮುಚ್ಚುವವರಿಗೆ ಅಲ್ಲಿ ಜಾಗ ಇಲ್ಲ. ನಮ್ಮಲ್ಲೂ ಅಂಥದ್ದನ್ನು ಕ್ವಾಲಿಟಿಯವರ ಮೇಜಿಗೆ ಹಾಕಿ, ವರದಿ ಬೇಕೋ ಬೇಡವೋ ಅವರು ತೀರ್ಮಾನಿಸಲಿ.

2024ರ ಮೇ 18ರ ರಾತ್ರಿ ಬೆಂಗಳೂರಿನಿಂದ ಕೊಚ್ಚಿಗೆ ಹೊರಟ ಬೋಯಿಂಗ್ 737ರ ಎಂಜಿನ್‌ನಲ್ಲಿ ಬೆಂಕಿ ಕಂಡು ವಿಮಾನ ಹಿಂದಿರುಗಿತು. 179 ಪ್ರಯಾಣಿಕರನ್ನೂ 6 ಸಿಬ್ಬಂದಿಯನ್ನೂ ಕೆಂಪೇಗೌಡ ನಿಲ್ದಾಣದಲ್ಲೇ ತುರ್ತಾಗಿ ಇಳಿಸಲಾಯಿತು. 737ರಲ್ಲಿ ಗರ್ಟ್ ಬಾರನ್ನು ಸಿಬ್ಬಂದಿ ಕೈಯಿಂದಲೇ ನೆಲದ ಬ್ರಾಕೆಟ್‌ಗೆ ಹಾಕಬೇಕು, ಲಿವರ್ ಇಲ್ಲ. ಎ320ರಿಂದ 737ಕ್ಕೆ ಹೋಗುವವರು ಮೇಲೆ ಹೇಳಿದ ನೆಲದ ಪರಿಶೀಲನೆಯನ್ನು ಅಲ್ಲಿಯೂ ಹಾಗೇ ಮಾಡಿ, ಬ್ರಾಕೆಟ್‌ನ ಬಿರುಕು ಮತ್ತು ಸಡಿಲ ಸ್ಕ್ರೂ ಅದಕ್ಕೆ ಸೇರಿಸಿ.

ಬಿಚ್ಚಿದ ಸ್ಲೈಡ್ ಶಾಪ್‌ಗೆ ಹೋಗುವಾಗ ಟ್ಯಾಗ್‌ನಲ್ಲಿ ಸ್ನ್ಯಾಗ್‌ನ ಪೂರ್ತಿ ಮಾತು, ಆ ದಿನದ ಒತ್ತಡ, ಉಷ್ಣತೆ, ಬಾಗಿಲ ಸ್ಥಾನ ಇರಲಿ. ‘ರಿಮೂವ್ಡ್ ಫಾರ್ ಸ್ನ್ಯಾಗ್’ ಅಂತಷ್ಟೇ ಹೋದರೆ ಶಾಪ್‌ನವರು ರೂಢಿಯ ಪರೀಕ್ಷೆ ಮಾಡಿ ಸರಿಯಿದೆ ಅಂತ ವಾಪಸ್ ಕಳಿಸುತ್ತಾರೆ. ಅದೇ ಸ್ಲೈಡ್ ಇನ್ನೊಂದು ವಿಮಾನಕ್ಕೆ ಏರುತ್ತದೆ. ಎರಡು ವಾರಕ್ಕೊಮ್ಮೆ ಸೀರಿಯಲ್ ನಂಬರ್ ಹಿಡಿದು ಶಾಪ್ ವರದಿ ಬಂತಾ ಅಂತ ಟೆಕ್ನಿಕಲ್ ಸರ್ವಿಸಸ್‌ನವರನ್ನು ಕೇಳುತ್ತಿರಿ. ಕೇಳದಿದ್ದರೆ ಅದು ಬರುವುದಿಲ್ಲ.